ಸೈನ್ಯ ಮುಗಿಸಿ ಬ್ಯಾಂಕಿನ ಪಿಂಚಣಿ ಕೌಂಟರಿನಲ್ಲಿ ಕೂತ ನನ್ನ ಅನುಭವ

ನನಗೀಗ 81 ದಾಟಿದೆ. ಆಗಸ್ಟ್ 15 ಬಂದರೆ ಊರಿನ ಶಾಲೆಯವರು ಕರೆದು ಹಾರ ಹಾಕಿ, "ಯುದ್ಧದ ಕಥೆ ಹೇಳಿ ಅಜ್ಜ" ಅನ್ನುತ್ತಾರೆ. ಹೇಳುತ್ತೇನೆ. ಮಕ್ಕಳಿಗೆ ಬೇಕಾದದ್ದು ಅದೇ ಅಲ್ವಾ. ಆದರೆ 1971ರ ಯುದ್ಧ ನಡೆದದ್ದು ಎರಡು ವಾರ, ನಾನು ಬ್ಯಾಂಕಿನಲ್ಲಿ ಕೂತದ್ದು 25 ವರ್ಷ. ಆ ಕೌಂಟರಿನಲ್ಲಿ ಕಲಿತದ್ದನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಬರೆಯುತ್ತೇನೆ. ನಮ್ಮ ಜಿಲ್ಲೆಯಲ್ಲಿ ಸೈನ್ಯದ ಪಿಂಚಣಿ ಬರುವ ಮನೆಗಳು ಜಾಸ್ತಿ. ಯಾರಿಗಾದರೂ ಉಪಯೋಗವಾದೀತು.

ನನ್ನದು ಕೊಡಗಿನ ಸೋಮವಾರಪೇಟೆ ಕಡೆ. ಕಾರ್ಯಪ್ಪ, ತಿಮ್ಮಯ್ಯನವರ ಜಿಲ್ಲೆಯಾದ್ದರಿಂದ ಹುಡುಗ ಸೈನ್ಯಕ್ಕೆ ಹೋಗ್ತೀನಿ ಅಂದರೆ ಮನೆಯಲ್ಲಿ ದೊಡ್ಡ ಗಲಾಟೆ ಆಗುತ್ತಿರಲಿಲ್ಲ. 1962ರ ಚೀನಾ ಯುದ್ಧ ಆದಮೇಲೆ ಸೈನ್ಯಕ್ಕೆ ಜನ ಬೇಕಾಗಿತ್ತು. ಎಸ್‌ಎಸ್‌ಎಲ್‌ಸಿ ಮುಗಿಸಿ 1963ರಲ್ಲಿ ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ ಸೇರಿದೆ. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ಮೈನ್, ಅಂದರೆ ನೆಲದಲ್ಲಿ ಹೂತಿಡುವ ಬಾಂಬು, ಹೂಳುವುದು, ತೆಗೆಯುವುದು. ಇದು ಸ್ಯಾಪರ್‌ಗಳ ಕೆಲಸ.

1971ರಲ್ಲಿ ನಮ್ಮದು ಪಶ್ಚಿಮ ಗಡಿಯ ಶಕರ್‌ಗಢ ಸೆಕ್ಟರ್. ಬಸಂತರ್ ಹೊಳೆಯ ಸುತ್ತ ಪಾಕಿಸ್ತಾನದವರು ದಟ್ಟವಾಗಿ ಮೈನ್ ಹೂತಿದ್ದರು. ನಮ್ಮ ಟ್ಯಾಂಕುಗಳು ದಾಟಬೇಕಾದರೆ ಮೊದಲು ಸ್ಯಾಪರ್‌ಗಳು ದಾರಿ ಮಾಡಿಕೊಡಬೇಕು. ಟ್ಯಾಂಕಿನ ಮುಂದೆ ಭಾರದ ಉರುಳೆ ಕಟ್ಟಿ ಮೈನ್ ಸಿಡಿಸಿಕೊಂಡು ಹೋಗುವುದು ಒಂದು ವಿಧಾನ. ಅದಾಗದ ಕಡೆ ಕೈಯೇ ಗತಿ. ಹೊಟ್ಟೆ ಮೇಲೆ ಮಲಗಿ ಸಲಾಕೆಯನ್ನು ಓರೆಯಾಗಿ ಮಣ್ಣಿಗೆ ಚುಚ್ಚಬೇಕು. ನೇರ ಚುಚ್ಚಿದರೆ ತುದಿ ಮೈನಿನ ನೆತ್ತಿಗೆ ತಾಗುತ್ತದೆ. ಓರೆಯಾಗಿ ಚುಚ್ಚಿದರೆ ಪಕ್ಕಕ್ಕೆ ತಾಗಿ ನಿಲ್ಲುತ್ತದೆ. ಸಿಕ್ಕ ಜಾಗಕ್ಕೆ ಗುರುತು, ತೆರವಾದ ದಾರಿಯ ಎರಡು ಬದಿಗೂ ಬಿಳಿ ಟೇಪು. ಚಳಿಗೆ ಬೆರಳು ಸೆಟೆದು, ತಾಗಿದ್ದು ಕಲ್ಲೋ ಕಬ್ಬಿಣವೋ ಗೊತ್ತಾಗುತ್ತಿರಲಿಲ್ಲ. ಡಿಸೆಂಬರ್ 17ರ ರಾತ್ರಿ 8 ಗಂಟೆಗೆ ಗುಂಡು ನಿಂತಿತು. ನಮ್ಮ ಕೆಲಸ ನಿಲ್ಲಲಿಲ್ಲ. ಹೂತ ಮೈನನ್ನು ಯಾರಾದರೂ ತೆಗೆಯಬೇಕಲ್ಲ.

ಮೈನ್ ಹುಡುಕಿದ ಆ ತಾಳ್ಮೆಯೇ ಮುಂದೆ ಬ್ಯಾಂಕಿನಲ್ಲಿ ಕೈ ಹಿಡಿಯಿತು ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಅದು ಸುಳ್ಳು. ಕೈ ಹಿಡಿದದ್ದು ನಾನು ಸೈನ್ಯದ ಕೊನೆಯ ವರ್ಷಗಳಲ್ಲಿ ನಮ್ಮ ತುಕಡಿಯ ಆಫೀಸಿನಲ್ಲಿ ಬೇಜಾರು ಮಾಡಿಕೊಂಡೇ ಮಾಡಿದ ಕಾಗದದ ಕೆಲಸ. ಸೈನ್ಯದಲ್ಲಿ ಒಬ್ಬನ ಮದುವೆ, ಮಗು ಹುಟ್ಟಿದ್ದು, ಹೆಸರು ತಿದ್ದಿದ್ದು ಎಲ್ಲವೂ 'ಪಾರ್ಟ್ ಟು ಆರ್ಡರ್' ಅನ್ನುವ ಕಾಗದದಲ್ಲಿ ಬರಬೇಕು. ಬರದಿದ್ದರೆ ಸೈನ್ಯದ ಲೆಕ್ಕದಲ್ಲಿ ಆ ಮದುವೆ ಆಗಿಯೇ ಇಲ್ಲ. ಇದರ ಬೆಲೆ ನನಗೆ ಆಗ ಗೊತ್ತಿರಲಿಲ್ಲ.

1978ರಲ್ಲಿ 15 ವರ್ಷ ಮುಗಿಸಿ ಹವಾಲ್ದಾರನಾಗಿ ಹೊರಬಂದೆ. ಪಿಂಚಣಿ ಇತ್ತು, ಸಂಸಾರ ಸಾಗುವಷ್ಟು ಇರಲಿಲ್ಲ. 1969ರಲ್ಲಿ 14 ಬ್ಯಾಂಕುಗಳನ್ನು ಸರ್ಕಾರ ತೆಗೆದುಕೊಂಡ ಮೇಲೆ ಸಣ್ಣ ಸಣ್ಣ ಊರುಗಳಲ್ಲೂ ಶಾಖೆ ತೆರೆಯುತ್ತಿದ್ದರು, ಗುಮಾಸ್ತರು ಬೇಕಾಗಿದ್ದರು. ಮಾಜಿ ಸೈನಿಕರ ಲೆಕ್ಕದಲ್ಲಿ ಅರ್ಜಿ ಹಾಕಿ, ಪರೀಕ್ಷೆ ಬರೆದು ಸೇರಿದೆ. ಆ ಮೀಸಲಾತಿ ಈಗಲೂ ಇದೆ. ಸರ್ಕಾರಿ ಬ್ಯಾಂಕುಗಳ ಗುಮಾಸ್ತ ಹುದ್ದೆಗಳಲ್ಲಿ ಶೇ. 14.5, ಅದಕ್ಕಿಂತ ಕೆಳಗಿನ ಹುದ್ದೆಗಳಲ್ಲಿ ಶೇ. 24.5. ಸೈನ್ಯದಿಂದ ಬರುವ ಹುಡುಗರು ಸೆಕ್ಯೂರಿಟಿ ಕೆಲಸಕ್ಕೆ ಓಡುವ ಮೊದಲು ಇದನ್ನು ನೋಡಲಿ.

ನನ್ನ ಜೊತೆ ಸೇರಿದವರೆಲ್ಲ 22, 23ರ ಹುಡುಗರು. ನನಗೆ 35ರ ಹತ್ತಿರ. ಲೆಡ್ಜರ್ ಪೋಸ್ಟಿಂಗ್ ಹೇಳಿಕೊಟ್ಟವನು ನನ್ನ ತಮ್ಮನಿಗಿಂತ ಚಿಕ್ಕವನು. ಆಗ ಎಲ್ಲವೂ ಕೈಬರಹ. ಹಣ ತೆಗೆಯಲು ಬಂದವರಿಗೆ ಹಿತ್ತಾಳೆ ಟೋಕನ್ ಕೊಡಬೇಕು, ವೋಚರನ್ನು ಲೆಡ್ಜರಿಗೆ ಏರಿಸಬೇಕು, ಸಹಿ ತಾಳೆ ನೋಡಬೇಕು, ಆಮೇಲೆ ಕ್ಯಾಶಿಯರ್ ನಂಬರ್ ಕೂಗಬೇಕು. ಜೂನ್, ಡಿಸೆಂಬರ್ ಬಂದರೆ ಬಡ್ಡಿ ಹಾಕುವ ಕೆಲಸ, ರಾತ್ರಿಯವರೆಗೂ. ಉಳಿತಾಯ ಖಾತೆಗೆ ಬಡ್ಡಿ ಸಿಗುತ್ತಿದ್ದದ್ದು ತಿಂಗಳ 10ನೇ ತಾರೀಕಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕೆ. ಅಂದರೆ 11ಕ್ಕೆ ಕಟ್ಟಿದ ಹಣಕ್ಕೆ ಆ ತಿಂಗಳು ಬಡ್ಡಿ ಸೊನ್ನೆ. ಗೊತ್ತಿದ್ದ ವ್ಯಾಪಾರಿಗಳು 9, 10ಕ್ಕೆ ಬಂದು ಕಟ್ಟುತ್ತಿದ್ದರು. ಗೊತ್ತಿಲ್ಲದವರು 15ಕ್ಕೆ ಬರುತ್ತಿದ್ದರು. ಕೌಂಟರಿಗೆ ಬಂದ ಹೆಂಗಸರಿಗೆಲ್ಲ ನಾನು ಹೇಳುತ್ತಿದ್ದದ್ದು ಒಂದೇ ಮಾತು: "ಹತ್ತರ ಒಳಗೆ ಕಟ್ಟಿ ಅಕ್ಕಾ, ತೆಗೆಯೋದಿದ್ರೆ ಒಂದನೇ ತಾರೀಕಿಗೆ ಬನ್ನಿ." 2010ರ ಏಪ್ರಿಲ್‌ನಿಂದ ದಿನದ ಲೆಕ್ಕದಲ್ಲಿ ಬಡ್ಡಿ ಬರುವ ಹಾಗೆ ಆಯಿತು. ಆ ಹೊತ್ತಿಗೆ ನಾನು ನಿವೃತ್ತನಾಗಿದ್ದೆ.

ಸಾಲದ ವಿಭಾಗದಲ್ಲಿ ಸ್ವಲ್ಪ ಕಾಲ ಇದ್ದೆ. ಕೊಡಗಿನಲ್ಲಿ ಜಮ್ಮಾ ಜಮೀನಿನ, ಅಂದರೆ ತಲೆತಲಾಂತರದಿಂದ ಇಡೀ ಕುಟುಂಬಕ್ಕೆ ಸೇರಿದ ಜಮೀನಿನ, ತಾಪತ್ರಯ ಬೇರೆ. ಪಹಣಿಯಲ್ಲಿ ಎಂದೋ ತೀರಿಹೋದ ಪಟ್ಟೇದಾರರ ಹೆಸರು, ಉಳುವವನು ಇನ್ನೊಬ್ಬ, ಒಪ್ಪಿಗೆ ಕೊಡಬೇಕಾದವರು ಇಡೀ ಕುಟುಂಬ. ತೋಟ ಕಣ್ಣೆದುರೇ ಇದೆ, ಕಾಫಿ ಹೂ ಬಿಟ್ಟಿದೆ, ಕಾಗದದಲ್ಲಿ ಮಾತ್ರ ಅವನದು ಏನೂ ಇಲ್ಲ. ಇದನ್ನೇ ಬರೆದರೆ ಇನ್ನೊಂದು ಲೇಖನ ಆಗುತ್ತದೆ.

ಪಿಂಚಣಿ ಕೌಂಟರಿಗೆ ನನ್ನನ್ನು ಕೂರಿಸಿದ್ದು 'ಮಿಲ್ಟ್ರಿ ಸಾರ್' ಅನ್ನುವ ಒಂದೇ ಕಾರಣಕ್ಕೆ. ಪಿಪಿಒ, ಅಂದರೆ ಪಿಂಚಣಿ ಪಾವತಿ ಆದೇಶದ ಪುಸ್ತಕ ನೋಡಿದ ಕೂಡಲೇ ಅದರ ಕಷ್ಟ ಅರ್ಥವಾಯಿತು. ಪಿಂಚಣಿ ಪಡೆಯುವ ಸೈನ್ಯದ ಜವಾನ ಬದುಕಿರುವವರೆಗೆ ತೊಂದರೆ ಇಲ್ಲ. ಅವನು ತೀರಿಕೊಂಡ ಮೇಲೆ ಹೆಂಡತಿ ಬರುತ್ತಾಳೆ. ಹಳೆಯ ಎಷ್ಟೋ ಪಿಪಿಒಗಳಲ್ಲಿ ಹೆಂಡತಿಯ ಹೆಸರೇ ಇಲ್ಲ. ಇದ್ದರೂ ಇನ್ಯಾರದೋ ಹೆಸರಿನ ಹಾಗೆ ಇರುತ್ತದೆ. ಬರೆದುಕೊಂಡವನು ಉತ್ತರದ ಕಡೆಯ ಕ್ಲಾರ್ಕ್. ಕೇಳಿದ ಹಾಗೆ ಬರೆದಿದ್ದಾನೆ. ಜವಾನನೂ ಮನೆಯಲ್ಲಿ ಕರೆಯುವ ಹೆಸರನ್ನೇ ಹೇಳಿರುತ್ತಾನೆ.

ಒಬ್ಬರ ನೆನಪು ಚೆನ್ನಾಗಿದೆ. ಗಂಡ ಆರ್ಟಿಲರಿಯಲ್ಲಿ, ಅಂದರೆ ಫಿರಂಗಿ ದಳದಲ್ಲಿ ಇದ್ದವರು. ರೇಷನ್ ಕಾರ್ಡಿನಲ್ಲಿ ಲಕ್ಷ್ಮಮ್ಮ. ಸೈನ್ಯದ ಕಾಗದದಲ್ಲಿ ಲಚ್ಚಮಿ ಬಾಯಿ. ಹುಟ್ಟಿದ ವರ್ಷದಲ್ಲಿ ಒಂಬತ್ತು ವರ್ಷ ವ್ಯತ್ಯಾಸ. ಕೌಂಟರಿನ ಮೇಲೆ ಒಂದು ಬಿಸ್ಕತ್ತಿನ ಡಬ್ಬ ಇಟ್ಟರು. ಒಳಗೆ ಗಂಡನ ಡಿಸ್ಚಾರ್ಜ್ ಪುಸ್ತಕ, ಎರಡು ಮೆಡಲ್, ಮೂರು ಇನ್‌ಲ್ಯಾಂಡ್ ಲೆಟರ್. "ಇಷ್ಟೇ ಇರೋದು ಅಣ್ಣ" ಅಂದರು. ಸಾಕಿತ್ತು. ಡಿಸ್ಚಾರ್ಜ್ ಪುಸ್ತಕದಲ್ಲಿ ಆರ್ಮಿ ನಂಬರ್ ಇತ್ತು. ಸೈನ್ಯದಲ್ಲಿ ಹೆಸರು ತಪ್ಪಾಗಬಹುದು, ನಂಬರ್ ತಪ್ಪಾಗುವುದಿಲ್ಲ.

ಆಮೇಲೆ ಎಲ್ಲರಿಗೂ ಮಾಡಿದ್ದು ಇದೇ ಕ್ರಮ. ಮೊದಲು ಆ ಸೈನಿಕನ ದಾಖಲೆ ಇಟ್ಟಿರುವುದು ಯಾವ ರೆಕಾರ್ಡ್ ಆಫೀಸ್ ಅಂತ ನೋಡುವುದು. ಎಲ್ಲರೂ ದೆಹಲಿಗೆ ಬರೆಯುತ್ತಾರೆ, ಅದು ಸುಮ್ನೆ ಅಂಚೆ ಖರ್ಚು. ಮದ್ರಾಸ್ ರೆಜಿಮೆಂಟಾದರೆ ನೀಲಗಿರಿಯ ವೆಲ್ಲಿಂಗ್ಟನ್. ಆರ್ಟಿಲರಿಗೆ ನಾಸಿಕ್ ರೋಡ್, ಸಂಪರ್ಕದ ಕೆಲಸದ ಸಿಗ್ನಲ್ಸಿಗೆ ಜಬಲ್ಪುರ, ಯಂತ್ರ ರಿಪೇರಿಯ ಇಎಂಇಗೆ ಸಿಕಂದರಾಬಾದ್. ನಮ್ಮ ಸ್ಯಾಪರ್‌ಗಳಿಗೂ ಎಎಸ್‌ಸಿ, ಅಂದರೆ ಸರಬರಾಜು ದಳದವರಿಗೂ ಬೆಂಗಳೂರೇ. ನಂಬರ್, ರ‍್ಯಾಂಕ್, ಹೆಸರು ಮೂರನ್ನೂ ಕಾಗದದ ಮೇಲ್ಗಡೆಯೇ ಬರೆಯಬೇಕು. ಎರಡೂ ಹೆಸರು ಒಬ್ಬರದ್ದೇ ಅಂತ ಒಂದು ಅಫಿಡವಿಟ್. ಮರಣ ಪ್ರಮಾಣ ಪತ್ರ, ಫೋಟೊ, ಪಿಪಿಒ ನಕಲು. ಇದನ್ನು ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯ ಮೂಲಕ ಕಳಿಸಬೇಕು. ನೇರ ಕಳಿಸಿದ ಕಾಗದ ಮೂಲೆ ಸೇರುತ್ತದೆ, ಮೊಹರು ಬಿದ್ದು ಹೋದದ್ದಕ್ಕೆ ಉತ್ತರ ಬರುತ್ತದೆ. ರೆಕಾರ್ಡ್ ಆಫೀಸು ಒಪ್ಪಿ ಅಲಹಾಬಾದಿನ ಪಿಂಚಣಿ ಕಚೇರಿಗೆ ಬರೆದು, ಅಲ್ಲಿಂದ ತಿದ್ದಿದ ಪಿಪಿಒ ಬಂದಮೇಲೆ ಬ್ಯಾಂಕು ಹಣ ಹಾಕಬಹುದಿತ್ತು. ಲಕ್ಷ್ಮಮ್ಮನವರಿಗೆ ಬಾಕಿ ಎಲ್ಲ ಸೇರಿ ಬಂತು. ಬಂದ ದಿನ ಅವರು ಮೊದಲು ಕೇಳಿದ್ದು, "ಇದನ್ನ ಹತ್ತರ ಒಳಗೆ ಕಟ್ಟಿದ ಹಾಗಾಯ್ತಾ ಅಣ್ಣ?" ನಾನು ಜೋರಾಗಿ ನಕ್ಕುಬಿಟ್ಟೆ.

ಏನೂ ಮಾಡಲಾಗದವರೂ ಇದ್ದರು. ಎರಡನೇ ಮಹಾಯುದ್ಧಕ್ಕೆ ಹೋಗಿ, ಯುದ್ಧ ಮುಗಿದ ಕೂಡಲೇ ಸೈನ್ಯದಿಂದ ಬಿಡುಗಡೆಯಾಗಿ ಮನೆಗೆ ಬಂದವರು. ಅವರಿಗೆ ಪಿಂಚಣಿ ಇಲ್ಲ. ಬರ್ಮಾ ನೋಡಿ ಬಂದ ಮುದುಕರು ಸರ್ಕಾರದ ಸಣ್ಣ ಸಹಾಯಧನಕ್ಕಾಗಿ ನನ್ನ ಮುಂದೆ ಕೂತು ಹೆಬ್ಬೆಟ್ಟು ಒತ್ತುವಾಗ ನನಗೆ ನಾಚಿಕೆಯಾಗುತ್ತಿತ್ತು. ಅವರಿಗಿಂತ ಕಡಿಮೆ ಯುದ್ಧ ನೋಡಿದವನು ನಾನು.

ನವೆಂಬರ್ ಅಂದರೆ ಜೀವಂತ ಇದ್ದೇವೆ ಅಂತ ತೋರಿಸುವ ತಿಂಗಳು. ನಮ್ಮಲ್ಲಿ ಅರೇಬಿಕಾ ಕಾಫಿ ಕೊಯ್ಲು ಶುರುವಾಗುವುದೂ ಆಗಲೇ. ಕ್ಯೂನಲ್ಲಿ ನಿಂತರೆ ಒಂದು ದಿನದ ಕೂಲಿ ಹೋಯಿತು. ಅದಕ್ಕೆ ಅಕ್ಟೋಬರಿನಲ್ಲೇ ಫಾರಂ ತುಂಬಿಸಿ ಇಟ್ಟು, ನವೆಂಬರಿನಲ್ಲಿ ಬಂದವರನ್ನು ನೋಡಿ ಸಹಿ ಮಾತ್ರ ಹಾಕಿಸುತ್ತಿದ್ದೆ. ಹಾಸಿಗೆ ಹಿಡಿದವರ ಮನೆಗೆ ಆಫೀಸರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದೆ. 2014ರಲ್ಲಿ ಬೆರಳಚ್ಚಿನ ಜೀವನ್ ಪ್ರಮಾಣ್ ಬಂತು. ಒಳ್ಳೆಯದೇ. ಆದರೆ ತೋಟದಲ್ಲಿ ಕೆಲಸ ಮಾಡಿ ಸವೆದ ಬೆರಳನ್ನು ಆ ಯಂತ್ರ ಒಪ್ಪುವುದಿಲ್ಲ. ಈಗ ಫೋನಿನಲ್ಲಿ ಮುಖ ತೋರಿಸಿದರೂ ಆಗುತ್ತದೆ, ಅದು ವಾಸಿ.

ನಿವೃತ್ತಿಯ ನಂತರವೂ ಜನ ಮನೆಗೆ ಬರುವುದು ನಿಂತಿಲ್ಲ. 2015ರಲ್ಲಿ ಒನ್ ರ‍್ಯಾಂಕ್ ಒನ್ ಪೆನ್ಷನ್, ಅಂದರೆ ಒಂದೇ ದರ್ಜೆಯಲ್ಲಿ ಅಷ್ಟೇ ವರ್ಷ ಸೇವೆ ಮಾಡಿದವರಿಗೆಲ್ಲ ಒಂದೇ ಪಿಂಚಣಿ, ಬಂದಾಗ ಜಗಲಿ ತುಂಬಿತ್ತು. ಬಾಕಿ ಹಣ ಜವಾನರಿಗೆ ನಾಲ್ಕು ಕಂತಿನಲ್ಲಿ, ವಿಧವೆಯರಿಗೆ ಒಂದೇ ಕಂತಿನಲ್ಲಿ. ಯಾಕೆ ಹಾಗೆ ಅಂತ ನೂರು ಸಲ ವಿವರಿಸಿದ್ದೇನೆ. ಈಗ ಪಿಂಚಣಿ ಬ್ಯಾಂಕಿನ ಕೈ ಬಿಟ್ಟು 'ಸ್ಪರ್ಶ್' ಅನ್ನುವ ಆನ್‌ಲೈನ್ ವ್ಯವಸ್ಥೆಗೆ ಹೋಗಿದೆ. ಕಾಗದದ ಬದಲು ಒಟಿಪಿ. ಬಂದವರ ಫೋನ್ ನಂಬರ್ ಅವರ ಮಗನದ್ದು, ಮಗ ಬೆಂಗಳೂರಿನಲ್ಲಿ ಮೀಟಿಂಗಿನಲ್ಲಿ. ಅವನು ಫೋನ್ ಎತ್ತುವವರೆಗೆ ಕಾಫಿ ಕುಡಿಯುತ್ತಾ ಕೂರುತ್ತೇವೆ.

ಬಂದವರಿಗೆಲ್ಲ ಹೇಳುವುದು ಇಷ್ಟೇ. ಗಂಡ ಗಟ್ಟಿಯಾಗಿರುವಾಗಲೇ ಪಿಪಿಒ ತೆಗೆದು, ಅದರಲ್ಲಿರುವ ಹೆಂಡತಿಯ ಹೆಸರು, ಹುಟ್ಟಿದ ದಿನ ಆಧಾರ್‌ಗೆ ಸರಿಹೊಂದುತ್ತಾ ನೋಡಿ. ಹೊಂದದಿದ್ದರೆ ಅವರ ಕೈಯಲ್ಲೇ ಅರ್ಜಿ ಬರೆಸಿ. ಅರ್ಜಿಯ ನಮೂನೆ ನನ್ನ ಹತ್ತಿರ ಇದೆ, ಮಧ್ಯಾಹ್ನ ಊಟದ ಹೊತ್ತು ಬಿಟ್ಟು ಯಾವಾಗ ಬೇಕಾದರೂ ಬನ್ನಿ.