ನಿರೂಪಕ ಮಾಯವಾದ ಮೇಲೆ ಕೆಲಸಕ್ಕೆ ಬಂದ ವನ್ಯಜೀವಿ ಸಿ.ಡಿ.

ವನ್ಯಜೀವಿಗಳ ಮಲ್ಟಿಮೀಡಿಯಾ ಸಿ.ಡಿ. ಇಲ್ಲದ ಸರ್ಕಾರಿ ಪ್ರೌಢಶಾಲೆ ನಮ್ಮ ಕಡೆ ಕಡಿಮೆ. ಕಂಪ್ಯೂಟರ್ ಯೋಜನೆಗಳ ಕಾಲದಲ್ಲಿ ಬಂದವು ಕೆಲವು, ಹಳೆಯ ವಿದ್ಯಾರ್ಥಿಗಳು ಕೊಟ್ಟವು ಕೆಲವು. ಹೆಚ್ಚಿನವು ದಾಸ್ತಾನು ಪುಸ್ತಕದ ಒಂದು ಸಾಲಾಗಿ ಬೀರುವಿನಲ್ಲಿ ಉಳಿದಿವೆ. ಮಧುಗಿರಿ ತಾಲ್ಲೂಕಿನ ನಮ್ಮ ಶಾಲೆಯ ಬೀರುವಿನಲ್ಲಿದ್ದ ಅಂಥದೊಂದು ಸಿ.ಡಿ.ಯನ್ನು ನಾನು ನಾಲ್ಕೈದು ವರ್ಷಗಳಿಂದ ಎಂಟು ಮತ್ತು ಒಂಬತ್ತನೆಯ ತರಗತಿಗಳಲ್ಲಿ ಬಳಸುತ್ತಿದ್ದೇನೆ. "ಈಗಿನ ಕಾಲದಲ್ಲಿ ಸಿ.ಡಿ. ಯಾರು ನೋಡ್ತಾರೆ ಸಾರ್, ಎಲ್ಲ ಮೊಬೈಲಲ್ಲೇ ಇದೆಯಲ್ಲ" ಎಂದು ಸ್ಟಾಫ್ ರೂಮಿನಲ್ಲಿ ನಕ್ಕ ಗಣಿತ ಶಿಕ್ಷಕರೇ ಈಗ ಅದಕ್ಕಾಗಿ ತಮ್ಮ ಪೀರಿಯಡ್ಡನ್ನು ಬಿಟ್ಟುಕೊಡುತ್ತಾರೆ. ಶಾಲೆಗೆ ಭೇಟಿ ಕೊಟ್ಟ ಅಧಿಕಾರಿಯೊಬ್ಬರು ಇದನ್ನು "ಸಿನಿಮಾ ತೋರಿಸುವ ಕೆಲಸ" ಎಂದಿದ್ದರು. ಅವರ ಮಾತಿಗೂ ಈ ಬರಹದಲ್ಲಿ ಉತ್ತರ ಇದೆ ಎಂದುಕೊಂಡಿದ್ದೇನೆ.

ಮೊದಲ ವರ್ಷ ಎಲ್ಲರೂ ಮಾಡುವಂತೆಯೇ ಮಾಡಿದ್ದಾಯಿತು. ಕಂಪ್ಯೂಟರ್ ಕೋಣೆಯಲ್ಲಿ ನಲವತ್ತು ಮಕ್ಕಳನ್ನು ಕೂರಿಸಿ, ಮೊದಲಿನಿಂದ ಕೊನೆಯವರೆಗೆ ಓಡಿಸಿದರೆ ಸಿಂಹ ಬಂದಾಗ ಕೂಗು, ಮೊಸಳೆ ಬಂದಾಗ ಇನ್ನೂ ದೊಡ್ಡ ಕೂಗು, ಮರುದಿನ ಕೇಳಿದರೆ ಸಿಂಹ ಮತ್ತು ಮೊಸಳೆ ಬಿಟ್ಟು ಮೂರನೆಯ ಪ್ರಾಣಿಯ ಹೆಸರೂ ಹೊರಡುತ್ತಿರಲಿಲ್ಲ. ಭೂಪಟದ ಮೇಲೆ ಒತ್ತಿ ಪ್ರಾಣಿಯನ್ನು ಹುಡುಕುವ ಆಟವೊಂದು ಅದರಲ್ಲಿತ್ತು. ಒಂದು ಮೌಸ್ ಮತ್ತು ನಲವತ್ತು ಕೈಗಳ ನಡುವೆ ಆ ಆಟ ಏನಾಗುತ್ತದೆ ಎಂಬುದನ್ನು ನೀವೆಲ್ಲ ಕಂಡವರೇ. ನಿರೂಪಣೆ ಇಂಗ್ಲಿಷಿನಲ್ಲಿತ್ತು. ನಾನು ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಆಂಧ್ರದ ಗಡಿಗೆ ಹತ್ತಿರವಿರುವ ನಮ್ಮ ಊರುಗಳಲ್ಲಿ ಅರ್ಧದಷ್ಟು ಮಕ್ಕಳ ಮನೆಮಾತು ತೆಲುಗು, ಹಾಗಾಗಿ ಒಂದು ವಾಕ್ಯ ಮೂರು ಭಾಷೆಗಳನ್ನು ದಾಟುವಷ್ಟರಲ್ಲಿ ತೆರೆಯ ಮೇಲಿನ ಪ್ರಾಣಿ ಓಡಿಹೋಗಿರುತ್ತಿತ್ತು.

ಅಷ್ಟರಲ್ಲಿ ಹಳೆಯ ಕಂಪ್ಯೂಟರುಗಳು ಕೆಟ್ಟವು. ಹೊಸದಾಗಿ ಬಂದ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಹಾಕುವ ಕಿಂಡಿಯೇ ಇರಲಿಲ್ಲ. ಹೊರಗಿನಿಂದ ಜೋಡಿಸುವ ಡ್ರೈವ್ ತಂದರೆ ಇನ್‌ಸ್ಟಾಲ್ ಆಗಲು ಒಪ್ಪಲಿಲ್ಲ: ಆ ಕಾಲದ ಇನ್‌ಸ್ಟಾಲರ್ 16 ಬಿಟ್‌ನದು, ಈಗಿನ 64 ಬಿಟ್ ವಿಂಡೋಸ್ ಅದನ್ನು ಮುಟ್ಟುವುದಿಲ್ಲ. ಲ್ಯಾಪ್‌ಟಾಪಿನೊಳಗೇ ಹಳೆಯ ವಿಂಡೋಸ್ ಎಕ್ಸ್‌ಪಿ ಓಡಿಸುವ ಉಪಾಯವನ್ನು ಮಾಡಿ ನೋಡಿದೆ. ಓಡಿತು, ಆದರೆ ಚಿತ್ರ ಒಂದು ಕಡೆ, ದನಿ ಒಂದು ಕಡೆ. ಕೊನೆಗೆ ಬೇಸತ್ತು ಸಿ.ಡಿ.ಯ ಫೋಲ್ಡರುಗಳನ್ನೇ ತೆರೆದು ನೋಡಿದಾಗ ವಿಡಿಯೊ ತುಣುಕುಗಳೆಲ್ಲ ಬಿಡಿಬಿಡಿಯಾಗಿ ಅಲ್ಲಿಯೇ ಸಿಕ್ಕವು. ಅವನ್ನು ಹಾರ್ಡ್ ಡಿಸ್ಕಿಗೆ ಇಳಿಸಿ ವಿ.ಎಲ್.ಸಿ. ಎಂಬ ವಿಡಿಯೊ ಓಡಿಸುವ ತಂತ್ರಾಂಶದಲ್ಲಿ ತೆರೆದರೆ ಎಲ್ಲವೂ ಓಡಿದವು. (ಶಿಕ್ಷಕರು ಬೋಧನೆಯ ಸಲುವಾಗಿ ಹೀಗೆ ಪ್ರತಿ ಮಾಡಿಕೊಳ್ಳುವುದಕ್ಕೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಕಲಂ ಅವಕಾಶ ಕೊಡುತ್ತದೆ, ಹಂಚಿಕೊಂಡು ತಿರುಗುವುದಕ್ಕೆ ಅಲ್ಲ.) ಗೀರು ಬಿದ್ದ ಸಿ.ಡಿ.ಗಳ ಬಗ್ಗೆ ಒಂದು ಮಾತು: ಹೊಳೆಯುವ ಬದಿಯ ಗೀರನ್ನು ಟೂತ್‌ಪೇಸ್ಟ್ ಹಚ್ಚಿ, ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಉಜ್ಜಿ ಎಷ್ಟೋ ಸಲ ಬದುಕಿಸಿಕೊಳ್ಳಬಹುದು, ಹೆಸರು ಅಚ್ಚಾಗಿರುವ ಬದಿ ಕೆತ್ತಿಹೋಗಿದ್ದರೆ ಆಸೆ ಬಿಡಿ, ಮಾಹಿತಿ ಹೊತ್ತ ಪದರ ಆ ಬಣ್ಣದ ಕೆಳಗೇ ಇರುತ್ತದೆ.

ಹೀಗೆ ಇಳಿಸಿಕೊಂಡ ತುಣುಕುಗಳಲ್ಲಿ ನಿರೂಪಕನ ದನಿ ಇರಲಿಲ್ಲ. ಅದು ಬೇರೆ ಕಡತದಲ್ಲಿದ್ದು, ಮೂಲ ತಂತ್ರಾಂಶ ಎರಡನ್ನೂ ಒಟ್ಟಿಗೆ ನುಡಿಸುತ್ತಿತ್ತು. ಉಳಿದದ್ದು ಚಿತ್ರ ಮತ್ತು ಕಾಡಿನ ಸದ್ದು ಮಾತ್ರ. ಮುಖ್ಯ ಶಿಕ್ಷಕರು ಇದನ್ನು ಕಂಡು "ಅರ್ಧ ಹಾಳಾದ ಸಾಮಾನು" ಎಂದರು. ನನಗೆ ಮಾತ್ರ ಅಂದೇ ಮೊದಲ ಬಾರಿಗೆ ತರಗತಿಯಲ್ಲಿ ಮಕ್ಕಳ ಬಾಯಿಂದ ವಾಕ್ಯಗಳು ಬಂದದ್ದು ಕಾಣಿಸಿತು. ನಿರೂಪಕ ಹೇಳಿಬಿಡುತ್ತಿದ್ದುದನ್ನು ಈಗ ಅವರೇ ಹೇಳಬೇಕಾಗಿತ್ತು.

ನನ್ನ ಪದ್ಧತಿ ಅಲ್ಲಿಂದ ಬೆಳೆಯಿತು. ಒಂದು ಪೀರಿಯಡ್ಡಿಗೆ ಒಂದೇ ಪ್ರಾಣಿ, ಒಂದೇ ತುಣುಕು, ಅದೂ ಒಂದೂವರೆ ನಿಮಿಷ ಮೀರದ್ದು. ಮೊದಲ ಸುತ್ತಿನಲ್ಲಿ ಚಿತ್ರ ಮಾತ್ರ. ಎರಡನೆಯ ಸುತ್ತಿನಲ್ಲಿ ಪ್ರೊಜೆಕ್ಟರಿನ ಕಣ್ಣಿಗೆ ರಟ್ಟು ಅಡ್ಡ ಇಟ್ಟು ಸದ್ದು ಮಾತ್ರ. ಮೂರನೆಯದರಲ್ಲಿ ಎರಡೂ. ಇಷ್ಟಾದ ಮೇಲೆ ಮಕ್ಕಳು ನಾಲ್ಕು ನಾಲ್ಕು ಜನರ ಗುಂಪಾಗಿ ಆ ತುಣುಕಿಗೆ ತಾವೇ ನಿರೂಪಣೆ ಬರೆಯಬೇಕು, ಮನೆಮಾತಿನಲ್ಲಿ ಯೋಚಿಸಿ ಕನ್ನಡದಲ್ಲಿ ಬರೆದರೂ ಆಯಿತು, ಮತ್ತು ಕೊನೆಯ ಹತ್ತು ನಿಮಿಷಗಳಲ್ಲಿ ಒಂದು ಗುಂಪು ಎದ್ದು ನಿಂತು ಓಡುತ್ತಿರುವ ಚಿತ್ರದ ಜೊತೆಗೆ ಅದನ್ನು ಓದಬೇಕು. ಚಿತ್ರದಲ್ಲಿ ಕಾಣದ, ಕೇಳದ ಯಾವ ಮಾತನ್ನೂ ಬರೆಯಕೂಡದು ಎಂಬುದೊಂದೇ ನಿಯಮ. "ತಾಯಿ ಮರಿಯನ್ನು ಪ್ರೀತಿಸುತ್ತದೆ" ಎಂದು ಬರೆದರೆ, ಎಲ್ಲಿ ಕಂಡಿತು ಎಂದು ಬೇರೆ ಗುಂಪಿನವರು ಕೇಳುತ್ತಾರೆ. ಆಗ ಅದು "ತಾಯಿ ಮರಿಯ ಬೆನ್ನನ್ನು ಮೂರು ಸಲ ನೆಕ್ಕಿತು" ಎಂದಾಗುತ್ತದೆ. ವಿಜ್ಞಾನದ ವೀಕ್ಷಣೆಯನ್ನು ಇದಕ್ಕಿಂತ ಕಡಿಮೆ ಉಪದೇಶದಲ್ಲಿ ಕಲಿಸಿದವರು ಇದ್ದರೆ ನನಗೆ ತಿಳಿಸಲಿ.

ಎರಡನೆಯ ಸುತ್ತಿನ ಬೆಲೆ ನನಗೆ ತಿಳಿದದ್ದು ಬಣ್ಣದ ಕೊಕ್ಕರೆಯಿಂದ. ಸಿ.ಡಿ.ಯ ಭಾರತದ ಭಾಗದಲ್ಲಿ ಅದರ ಗೂಡಿನ ದೃಶ್ಯವಿದೆ. ಹಿನ್ನೆಲೆಯಲ್ಲಿ ಯಾವುದೋ ಹಕ್ಕಿಯ ಕೂಗು ಜೋರಾಗಿ ಕೇಳುತ್ತದೆ. ರಟ್ಟು ಅಡ್ಡ ಇಟ್ಟು ಸದ್ದು ಕೇಳಿಸಿದಾಗ ಅರ್ಧ ತರಗತಿ ಅದು ಕೊಕ್ಕರೆಯ ಕೂಗೆಂದು ಬರೆದುಕೊಂಡಿತು. ಶಿರಾ ತಾಲ್ಲೂಕಿನಲ್ಲಿ ಅಜ್ಜಿಮನೆ ಇದ್ದ ಹುಡುಗಿಯೊಬ್ಬಳು ಮಾತ್ರ ಒಪ್ಪಲಿಲ್ಲ. "ಸಾರ್, ಕಗ್ಗಲಡುವಿನಲ್ಲಿ ಹುಣಸೆಮರದ ತುಂಬಾ ಇವೇ ಇರ್ತವೆ. ದೊಡ್ಡವು ಕೂಗೋದೇ ಇಲ್ಲ, ಕೊಕ್ಕು ತಟ್ತವೆ ಅಷ್ಟೆ. ಮರಿಗಳು ಮಾತ್ರ ಗಲಾಟೆ ಮಾಡ್ತವೆ" ಎಂದಳು. ಅವಳು ಹೇಳಿದ್ದು ಸರಿ. ಬೆಳೆದ ಬಣ್ಣದ ಕೊಕ್ಕರೆಗಳು ಹೆಚ್ಚುಕಡಿಮೆ ಮೂಕ ಹಕ್ಕಿಗಳೇ. ವನ್ಯಜೀವಿ ಚಿತ್ರಗಳಲ್ಲಿ ಸದ್ದನ್ನು ಆಮೇಲೆ ಸೇರಿಸುವುದು ಸಾಮಾನ್ಯ ಪದ್ಧತಿ, ದೂರದಿಂದ ತೆಗೆದ ದೃಶ್ಯಕ್ಕೆ ಹತ್ತಿರದ ಸದ್ದು ಸಿಗುವುದಾದರೂ ಹೇಗೆ? ಅಂದಿನಿಂದ ಪ್ರತಿ ತುಣುಕಿನಲ್ಲೂ ಯಾವ ಸದ್ದು ಅಲ್ಲಿಯದು, ಯಾವುದು ಅಂಟಿಸಿದ್ದು ಎಂದು ಪತ್ತೆ ಮಾಡುವುದು ನಮ್ಮ ಪಾಠದ ಭಾಗವಾಗಿದೆ. ಕಗ್ಗಲಡುವಿನಂಥ ಊರು ನಮ್ಮ ಜಿಲ್ಲೆಯಲ್ಲಿರುವುದರಿಂದ ನನಗೆ ಇದು ಸುಲಭವಾಯಿತು ಎಂಬುದನ್ನೂ ಹೇಳಬೇಕು.

ಎಂಟನೆಯ ತರಗತಿಯ ಸಸ್ಯ ಮತ್ತು ಪ್ರಾಣಿ ಸಂರಕ್ಷಣೆಯ ಪಾಠ ಮಧ್ಯಪ್ರದೇಶದ ಪಚ್‌ಮಡಿ ಜೀವಗೋಳ ಮೀಸಲು ಪ್ರದೇಶದ ಸುತ್ತ ನಡೆಯುತ್ತದೆ. ಸಿ.ಡಿ.ಯ ಹೆಚ್ಚಿನ ಭಾಗ ಆಫ್ರಿಕಾದ್ದು. ನಮ್ಮ ಮಕ್ಕಳು ದಿನವೂ ನೋಡುವುದು ಮೈದನಹಳ್ಳಿಯ ಕೃಷ್ಣಮೃಗವನ್ನು. 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಣೆಯಾದ ಸುಮಾರು 800 ಎಕರೆಯ ಹುಲ್ಲುಗಾವಲು ಅದು, ಅಲ್ಲಿಂದ ಹೊರಬಂದ ಹಿಂಡು ಅವರ ಶೇಂಗಾ ಹೊಲಕ್ಕೂ ಇಳಿಯುತ್ತದೆ. ಈ ಮೂರನ್ನೂ ನಾನು ಕೊಂಬಿನಿಂದ ಕಟ್ಟಿದೆ. ಆಫ್ರಿಕಾದ, ಜಿಂಕೆಯನ್ನು ಹೋಲುವ ಥಾಮ್ಸನ್ ಗಜೆಲ್‌ನಲ್ಲಿ ಗಂಡು ಹೆಣ್ಣು ಎರಡಕ್ಕೂ ಕೊಂಬುಂಟು, ಹೆಣ್ಣಿನದು ಗಿಡ್ಡ. ಕೃಷ್ಣಮೃಗದಲ್ಲಿ ಸಾಮಾನ್ಯವಾಗಿ ಗಂಡಿಗೆ ಮಾತ್ರ, ಅದೂ ತಿರುಚಿಕೊಂಡ ಕೊಂಬು. ಭಾರತದ ಗಜೆಲ್ ಆದ ಚಿಂಕಾರದಲ್ಲಿ ಮತ್ತೆ ಎರಡಕ್ಕೂ. ಚಿಂಕಾರ ಸಿ.ಡಿ.ಯಲ್ಲಿಲ್ಲ, ಆದರೆ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದಲ್ಲಿ ಅದಕ್ಕಾಗಿಯೇ 2019ರಲ್ಲಿ ವನ್ಯಜೀವಿ ಧಾಮವಾಗಿದೆ. ತೆರೆಯ ಮೇಲೆ ಗಜೆಲ್ ನಿಂತಾಗ "ಇದು ಚಿಂಕಾರದ ಕಡೆಯದಾ, ನಮ್ಮ ಜಿಂಕೆ ಕಡೆಯದಾ?" ಎಂದು ಮಕ್ಕಳೇ ಕೇಳುವ ಹಂತಕ್ಕೆ ಬಂದರೆ ವರ್ಗೀಕರಣದ ಪಾಠ ಅರ್ಧ ಮುಗಿದಂತೆ.

ಗಣಿತ ಶಿಕ್ಷಕರು ನಮ್ಮ ಕಡೆ ವಾಲಿದ್ದು ಕೃಷ್ಣಮೃಗದ ಓಟದಿಂದ. ಆ ತುಣುಕಿನಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳು, ಅಂದರೆ ಬಿಡಿ ಚಿತ್ರಗಳು. ವಿ.ಎಲ್.ಸಿ.ಯಲ್ಲಿ 'ಇ' ಕೀಲಿ ಒತ್ತಿದರೆ ಒಂದೊಂದೇ ಚೌಕಟ್ಟು ಮುಂದಕ್ಕೆ ಹೋಗುತ್ತದೆ. ಪ್ರಾಣಿಯ ಉದ್ದವನ್ನು ಸುಮಾರು 1.2 ಮೀಟರ್ ಎಂದಿಟ್ಟುಕೊಂಡು, ಹಿಂದಿನ ಒಂದು ಜಾಲಿಗಿಡವನ್ನು ಗುರುತಾಗಿಟ್ಟುಕೊಂಡು, ಹತ್ತು ಚೌಕಟ್ಟುಗಳಲ್ಲಿ ಅದು ಎಷ್ಟು ಮೈಯುದ್ದ ಮುಂದೆ ಹೋಯಿತು ಎಂದು ಗೋಡೆಯ ಮೇಲೆ ಸ್ಕೇಲ್ ಇಟ್ಟು ಅಳೆದೆವು. ಉತ್ತರ ಗಂಟೆಗೆ 12 ಕಿಲೋಮೀಟರಿನ ಆಸುಪಾಸು ಬಂತು. ಸೈಕಲ್ಲಿನಲ್ಲೇ ಹಿಡಿಯಬಹುದು ಎಂದು ಹುಡುಗರು ನಕ್ಕರು; ಗಣಿತದವರಿಗೆ ಅವಮಾನವಾದಂತಾಯಿತು. ಎರಡು ದಿನ ಬಿಟ್ಟು ಅವರೇ ದಾರಿ ಹುಡುಕಿದರು. ಗೊರಸಿನಿಂದ ಸಿಡಿದ ಮಣ್ಣಿನ ಹೆಂಟೆಯೊಂದು ಅರ್ಧ ಮೀಟರಿನಷ್ಟು ಎತ್ತರದಿಂದ ನೆಲಕ್ಕೆ ಬೀಳಲು ಚಿತ್ರದಲ್ಲಿ ನಲವತ್ತು ಚೌಕಟ್ಟು ತೆಗೆದುಕೊಳ್ಳುತ್ತಿತ್ತು. ಗುರುತ್ವದ ಲೆಕ್ಕದಲ್ಲಿ ಅದು ಬೀಳಬೇಕಾದದ್ದು 0.32 ಸೆಕೆಂಡಿನಲ್ಲಿ, ಅಂದರೆ ಎಂಟು ಚೌಕಟ್ಟುಗಳಲ್ಲಿ. ಹಾಗಾದರೆ ದೃಶ್ಯವನ್ನು ಐದು ಪಟ್ಟು ನಿಧಾನಗೊಳಿಸಲಾಗಿದೆ, ಓಟದ ವೇಗ ಗಂಟೆಗೆ 60 ಕಿಲೋಮೀಟರಿನ ಹತ್ತಿರ. ಒಂಬತ್ತನೆಯ ತರಗತಿಯ ಗುರುತ್ವಾಕರ್ಷಣೆಯ ಪಾಠಕ್ಕೆ ಇಷ್ಟು ಒಳ್ಳೆಯ ಲೆಕ್ಕ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಕ್ಯಾಮೆರಾ ಪ್ರಾಣಿಯ ಜೊತೆ ತಿರುಗುವ ದೃಶ್ಯಗಳಲ್ಲಿ ಈ ಅಳತೆ ನಡೆಯುವುದಿಲ್ಲ. ನಿಂತ ಕ್ಯಾಮೆರಾದ ತುಣುಕನ್ನೇ ಆರಿಸಿಕೊಳ್ಳಬೇಕು.

ಇನ್ನು ದುಡ್ಡಿನ ವಿಷಯ. ಹೊರಗಿನ ಡ್ರೈವಿಗೆ ಸಾವಿರದ ಇನ್ನೂರು, ಎರಡು ಸ್ಪೀಕರಿಗೆ ಒಂದೂವರೆ ಸಾವಿರ, ಕಿಟಕಿಗಳಿಗೆ ಕಪ್ಪು ಬಟ್ಟೆ ಆರೇಳು ನೂರು. ನಿಜವಾಗಿ ಕೈ ಸುಟ್ಟದ್ದು ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರಿನಲ್ಲಿ. ಬೆಂಗಳೂರಿನ ಒಂದು ಅಂಗಡಿಯಿಂದ ಒಂಬತ್ತು ಸಾವಿರಕ್ಕೆ ತಂದದ್ದು ಆರು ತಿಂಗಳಿಗೆ ದೀಪ ಕಳೆದುಕೊಂಡಿತು, ಹೊಸ ದೀಪಕ್ಕೆ ನಾಲ್ಕು ಸಾವಿರದ ಮೇಲೆ ಕೇಳಿದರು. ಅದನ್ನು ಬಿಟ್ಟು ಎಲ್.ಇ.ಡಿ. ಪ್ರೊಜೆಕ್ಟರಿಗೆ ಹೋದೆವು, ಅರ್ಧ ಹಣ ಶಾಲಾಭಿವೃದ್ಧಿ ಸಮಿತಿಯವರದು (ಎಸ್.ಡಿ.ಎಂ.ಸಿ.), ಅರ್ಧ ನನ್ನದು. ಅದೂ ಲ್ಯಾಪ್‌ಟಾಪೂ ಸೇರಿ 150 ವ್ಯಾಟ್ ಒಳಗೇ ಓಡುವುದರಿಂದ ಕಚೇರಿಯ ಇನ್ವರ್ಟರ್ ಸಾಕಾಗುತ್ತದೆ, ಹಗಲು ಕರೆಂಟು ಹೋದರೂ ಪಾಠ ನಿಲ್ಲುವುದಿಲ್ಲ. ಈ ಸಿ.ಡಿ.ಗಳ ವಿಡಿಯೊ ಚಿಕ್ಕ ಅಳತೆಯದು, 320ಕ್ಕೆ 240 ಚುಕ್ಕಿ. ಗೋಡೆಯ ತುಂಬ ಹರಡಿದರೆ ಕರಡಿಯೂ ಕಲ್ಲುಬಂಡೆಯೂ ಒಂದೇ. ಮೂರು ಅಡಿ ಅಗಲಕ್ಕೆ ಕುಗ್ಗಿಸಿ, ಮಕ್ಕಳನ್ನು ನೆಲದ ಮೇಲೆ ಹತ್ತಿರ ಕೂರಿಸಿದರೆ ಚಿತ್ರ ಗಟ್ಟಿಯಾಗುತ್ತದೆ, ಬೆಳಕೂ ಹೆಚ್ಚುತ್ತದೆ.

ಸದ್ದಿನ ಕಡತಗಳಿಂದ ಇನ್ನೂ ಕೆಲವು ಆಟ ಆಡಿದ್ದೇವೆ. ಕೋಗಿಲೆಯ ಕೂಗನ್ನು ಅಂಗಳದಲ್ಲಿ ನುಡಿಸಿದರೆ ಬೇವಿನ ಮರದಿಂದ ಉತ್ತರ ಬಂತು, ಮಕ್ಕಳು ಕುಣಿದಾಡಿದರು. ಆದರೆ ಗೂಡಿನ ಕಾಲದಲ್ಲಿ ಹೀಗೆ ಕೂಗಿಸಿ ಹಕ್ಕಿಗಳನ್ನು ದಣಿಸುವುದು ಸರಿಯಲ್ಲವಾದ್ದರಿಂದ ಅದನ್ನು ಮುಂದುವರಿಸಲಿಲ್ಲ. ಮುಳಬಾಗಿಲು ಕಡೆಯ ಸ್ನೇಹಿತರೊಬ್ಬರು ನನ್ನ ಪದ್ಧತಿಯನ್ನು ಬಾವಲಿಗೆ ಹೊಂದಿಸಿದರು. ಬಾವಲಿ ದಾರಿ ಹುಡುಕಲು ಹೊರಡಿಸುವ ಸದ್ದು ನಮ್ಮ ಕಿವಿಗೆ ನಿಲುಕದಷ್ಟು ಮೇಲಿನದು, ಸಿ.ಡಿ.ಯಲ್ಲಿ ಕೇಳುವುದು ಅದನ್ನು ಕೆಳಗಿಳಿಸಿ ಮಾಡಿದ ಸದ್ದು. ಹಾಗಾಗಿ ಅವರ ಎರಡನೆಯ ಸುತ್ತು ಬೇರೆಯೇ ಪಾಠವಾಯಿತು. ಕೋಲಾರದ ಹೆಸರನ್ನೇ ಹೊತ್ತ ಎಲೆಮೂಗಿನ ಬಾವಲಿ ಹನುಮನಹಳ್ಳಿಯ ಗುಹೆಯಲ್ಲಿ ಬಿಟ್ಟರೆ ಬೇರೆಲ್ಲೂ ಈಗ ಉಳಿದಿರುವುದು ತಿಳಿದಿಲ್ಲ, ಮತ್ತು ಅವರ ಸಿ.ಡಿ.ಯಲ್ಲಿ ಅದಕ್ಕೆ ಪುಟವಿಲ್ಲ. ಗುಹೆಯ ಕಡೆ ಮಕ್ಕಳನ್ನು ಕರೆದೊಯ್ಯದೆ, ಇರುವ ಮಾಹಿತಿಯಿಂದಲೇ ಆ ಇಲ್ಲದ ಪುಟವನ್ನು ಬರೆಸಿದರು. ಈ ಉಪಾಯ ನನಗೆ ಹೊಳೆದಿರಲಿಲ್ಲ, ಈಗ ಕಾಡುಪಾಪಕ್ಕೆ ನಾನೂ ಅದನ್ನೇ ಮಾಡಿಸುತ್ತಿದ್ದೇನೆ.

ಮೊಬೈಲಿನಲ್ಲಿ ಎಲ್ಲ ಇದೆ ಎನ್ನುವವರಿಗೆ ಇಷ್ಟೇ ಹೇಳುತ್ತೇನೆ: ನಮ್ಮ ಶಾಲೆಯಲ್ಲಿ ಸಿಗ್ನಲ್ ಬೇಕಾದರೆ ನೀರಿನ ಟ್ಯಾಂಕಿನ ಹತ್ತಿರ ಹೋಗಬೇಕು, ಮತ್ತು ಅಲ್ಲಿ ಸಿಗುವ ವಿಡಿಯೊ ಜಾಹೀರಾತಿನಿಂದ ಶುರುವಾಗಿ ಇನ್ನೊಂದು ವಿಡಿಯೊದಲ್ಲಿ ಮುಗಿಯುತ್ತದೆ. ನನ್ನ ಕಡತಗಳಲ್ಲಿ ಯಾವ ದೃಶ್ಯ ಯಾವ ಸೆಕೆಂಡಿನಲ್ಲಿದೆ ಎಂಬುದು ನೋಟ್‌ಬುಕ್ಕಿನಲ್ಲಿದೆ, ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಮುಖ್ಯ ಶಿಕ್ಷಕರು ಈಗ ಸಂರಕ್ಷಣೆಯ ಪಾಠದ ಕಿರುಪರೀಕ್ಷೆಯ ಉತ್ತರಗಳನ್ನು ತಾವೇ ತಂದು ಓದುತ್ತಾರೆ. ಹತ್ತರಲ್ಲಿ ಆರೇಳು ಮಕ್ಕಳು ಪುಸ್ತಕದ ವಾಕ್ಯ ಬಿಟ್ಟು ಸ್ವಂತ ಉದಾಹರಣೆ ಬರೆಯುತ್ತಾರೆ, ಮೊದಲು ಒಬ್ಬಿಬ್ಬರು ಬರೆದರೆ ಹೆಚ್ಚು. ಆ ಸೆಕೆಂಡುಗಳ ಪಟ್ಟಿಯನ್ನು ಕೇಳಿದ ಶಿಕ್ಷಕರಿಗೆ ಕೊಡುತ್ತಿದ್ದೇನೆ. ವರ್ಷದ ಮೊದಲ ಪೀರಿಯಡ್ಡಿಗೆ ಯಾವ ತುಣುಕು ಹಾಕುತ್ತೇನೆ, ರಟ್ಟು ಅಡ್ಡ ಇಡುವ ಮೊದಲು ಯಾವ ಪ್ರಶ್ನೆ ಕೇಳುತ್ತೇನೆ ಎಂಬ ಎರಡು ಸಾಲು ಮಾತ್ರ ಅದರಲ್ಲಿಲ್ಲ; ಅವನ್ನು ನಮ್ಮ ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತವರಿಗೆ ಹೇಳುತ್ತೇನೆ.