ಸ್ಕರ್ಟಿಂಗ್ ಕೀಳದೆ ಮರದ ನೆಲ ಹಾಸಿದ್ದು ಹೀಗೆ

ಮರದ ನೆಲ ಹಾಸುವಾಗ ಸ್ಕರ್ಟಿಂಗ್ (ಗೋಡೆಯ ಬುಡಕ್ಕೆ ಹೊಡೆದಿರುವ ಪಟ್ಟಿ) ಏನು ಮಾಡೋದು ಅಂತ ಕೇಳಿದರೆ ಎರಡು ಉತ್ತರ ಸಿಗುತ್ತವೆ. ಕಿತ್ತು ಹಾಕಿ, ನೆಲ ಹಾಸಿ, ಮತ್ತೆ ಹೊಡೆಯಿರಿ ಅನ್ನೋದು ಒಂದು. ಹಾಗೇ ಬಿಟ್ಟು ಅಂಚಿಗೆ ಬೀಡಿಂಗ್, ಅಂದರೆ ಸಂದು ಮುಚ್ಚುವ ಸಣ್ಣ ಪಟ್ಟಿ, ಹೊಡೆಯಿರಿ ಅನ್ನೋದು ಇನ್ನೊಂದು. ನಮ್ಮ ಕೋಣೆಯ ಸ್ಕರ್ಟಿಂಗ್ ಕಿತ್ತರೆ ಹಿಂದಿನ ಗಾರೆಯೂ ಜೊತೆಗೇ ಉದುರುವ ಹಾಗಿತ್ತು. ಬೀಡಿಂಗ್ ಅಂದರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ಎಷ್ಟೇ ಚೆನ್ನಾಗಿ ಹೊಡೆದರೂ ಆಮೇಲೆ ಅಂಟಿಸಿದ್ದು ಅಂತ ಗೊತ್ತಾಗುತ್ತದೆ. ಹಾಗಾಗಿ ಸ್ಕರ್ಟಿಂಗ್‌ನ ಬುಡ ಕೊಯ್ದು, ಹಲಗೆಯನ್ನು ಅದರಡಿಗೆ ತೂರಿಸಿದೆ.

ಅಂಚಿನಲ್ಲಿ ಸಂದು ಬಿಡಲೇಬೇಕು. ಗಾಳಿಯಲ್ಲಿ ತೇವ ಹೆಚ್ಚಾದರೆ ಮರ ಹಿಗ್ಗುತ್ತದೆ, ಅದರಲ್ಲೂ ಅಡ್ಡಗಲಕ್ಕೆ ಜಾಸ್ತಿ. ಗೋಡೆಗೆ ಒತ್ತಿಸಿ ಹಾಸಿದರೆ ಹಿಗ್ಗೋಕೆ ಜಾಗವಿಲ್ಲದೆ ನಡುವೆ ಉಬ್ಬಿ ನಿಲ್ಲುತ್ತದೆ. ನಾನು ಸುತ್ತಲೂ 10 ಮಿ.ಮೀ. ಬಿಟ್ಟೆ. ಕೋಣೆ ದೊಡ್ಡದಾದರೆ ಇನ್ನೂ ಬೇಕು, ಹಲಗೆಯ ಪೆಟ್ಟಿಗೆಯ ಮೇಲೆ ಬರೆದಿರುತ್ತಾರೆ. ನನ್ನ ಸ್ಕರ್ಟಿಂಗ್ 18 ಮಿ.ಮೀ. ದಪ್ಪ. ಅಂದರೆ ಹಲಗೆ ಅದರಡಿಗೆ 8 ಮಿ.ಮೀ. ಹೋಗುತ್ತದೆ, ಹಿಂದಿನ 10 ಮಿ.ಮೀ. ಖಾಲಿ ಇರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಗೋಡೆ ಸ್ವಲ್ಪ ಅಂಕುಡೊಂಕಾಗಿದ್ದರೂ ಆ 8 ಮಿ.ಮೀ. ಅದನ್ನು ನುಂಗಿಕೊಳ್ಳುತ್ತದೆ.

ಈ ದಾರಿ ಹಿಡಿಯುವುದಾದರೆ ಹಲಗೆ ಕೊಳ್ಳುವ ಮೊದಲೇ ತೀರ್ಮಾನಿಸಿ. ಗಮ್ ಇಲ್ಲದೆ ಒಂದಕ್ಕೊಂದು ಸಿಕ್ಕಿಸುವ ಕ್ಲಿಕ್ ಹಲಗೆಗಳಲ್ಲಿ ಹಲವನ್ನು ಓರೆಯಾಗಿ ಎತ್ತಿ ಕೂರಿಸಬೇಕು. ಸ್ಕರ್ಟಿಂಗ್ ಅಡಿಯ ಸಂದಿಯಲ್ಲಿ ಎತ್ತೋಕೆ ಎಲ್ಲಿ ಜಾಗ? ಅದಕ್ಕೇ ನಾನು ಗಮ್ ಹಚ್ಚಿ ಕೂಡಿಸುವ ಟಂಗ್ ಅಂಡ್ ಗ್ರೂವ್ ಹಲಗೆ (ಒಂದರ ಅಂಚಿನ ನಾಲಿಗೆ, ಅಂದರೆ ಟಂಗ್, ಇನ್ನೊಂದರ ಗಾಡಿಯಲ್ಲಿ ಕೂರುವಂಥದ್ದು) ತಂದೆ. ಅದು ನೆಲದ ಮೇಲೆ ಚಪ್ಪಟೆಯಾಗೇ ಜಾರಿ ಕೂಡಿಕೊಳ್ಳುತ್ತದೆ. ಚಪ್ಪಟೆಯಾಗಿ ತಟ್ಟಿ ಕೂರಿಸಬಹುದಾದ ಕ್ಲಿಕ್ ಹಲಗೆಯೂ ಇದೆ, ಕೇಳಿ ತೆಗೆದುಕೊಳ್ಳಿ. ತಂದ ಹಲಗೆಯನ್ನು ಅದೇ ಕೋಣೆಯಲ್ಲಿ ಕನಿಷ್ಠ 48 ಗಂಟೆ ಮಲಗಿಸಿಡಿ, ಅಲ್ಲಿನ ಹವೆಗೆ ಹೊಂದಿಕೊಳ್ಳಲಿ.

ಕೊಯ್ಯೋಕೆ ಬಳಸಿದ್ದು ಆಸಿಲೇಟಿಂಗ್ ಮಲ್ಟಿಟೂಲ್, ಅಂದರೆ ಚಪ್ಪಟೆ ಬ್ಲೇಡ್ ಅತ್ತಿತ್ತ ವೇಗವಾಗಿ ಅಲುಗಾಡಿ ಕೊಯ್ಯುವ ಯಂತ್ರ. ಎತ್ತರವನ್ನು ಟೇಪಿನಲ್ಲಿ ಅಳೆಯಲು ಹೋಗಬೇಡಿ. ಹಳೆ ನೆಲ ಎಲ್ಲ ಕಡೆ ಒಂದೇ ಮಟ್ಟ ಇರೋದಿಲ್ಲ ಅಲ್ವಾ? ಹಲಗೆಯ ಅಡಿ ಹಾಸುವ ತೆಳು ಹಾಳೆಯಾದ ಅಂಡರ್‌ಲೇಯ ಒಂದು ತುಂಡು ಹಾಕಿ, ಅದರ ಮೇಲೆ ಹಲಗೆಯ ತುಂಡನ್ನು ಬೋರಲು ಇಟ್ಟೆ. ಅದರ ಮೇಲೆ ತೆಳ್ಳನೆಯ ರಟ್ಟು. ನನಗೆ ಹಲಗೆ 14, ಅಂಡರ್‌ಲೇ 3, ರಟ್ಟು 1, ಒಟ್ಟು 18 ಮಿ.ಮೀ. ಬ್ಲೇಡನ್ನು ರಟ್ಟಿನ ಮೇಲೆ ಮಲಗಿಸಿ ತಳ್ಳುತ್ತಾ, ತುಂಡನ್ನು ಗೋಡೆಯುದ್ದಕ್ಕೂ ಸರಿಸುತ್ತಾ ಹೋದೆ. ಆ ಒಂದು ಮಿ.ಮೀ. ಸಡಿಲ ಇಲ್ಲದಿದ್ದರೆ ಹಲಗೆ ಸ್ಕರ್ಟಿಂಗ್ ಅಡಿ ಕಚ್ಚಿಕೊಂಡು ಬಿಡುತ್ತದೆ, ಆಮೇಲೆ ಮರ ಹಿಗ್ಗಿದರೂ ಸರಿಯೋಕಾಗಲ್ಲ. ಬ್ಲೇಡ್ ಮರಕ್ಕೂ ಕಬ್ಬಿಣಕ್ಕೂ ಆಗುವ ಬೈಮೆಟಲ್ ಇರಲಿ, ಒಳಗೆ ಮೊಳೆ ಸಿಕ್ಕೇ ಸಿಗುತ್ತದೆ. ಬಾಗಿಲ ಚೌಕಟ್ಟಿನ ಬುಡವನ್ನೂ ಹೀಗೇ ಕೊಯ್ದೆ. ಚೌಕಟ್ಟಿನ ಆಕಾರಕ್ಕೆ ಹಲಗೆ ಕೆತ್ತುತ್ತಾ ಕೂರುವವರನ್ನು ನೋಡಿದರೆ ನನಗೆ ಅಯ್ಯೋ ಅನಿಸುತ್ತದೆ.

ಇದು ನಿಧಾನದ ಕೆಲಸ. ಧೂಳೂ ಜಾಸ್ತಿ, ಮಾಸ್ಕು ಕನ್ನಡಕ ಹಾಕಿಕೊಳ್ಳಿ. ಕೊಯ್ದ ಮೇಲೆ ಸಂದಿಯ ಒಳಗಿನ ಹರಳು, ಪುಡಿಯನ್ನೆಲ್ಲ ವ್ಯಾಕ್ಯೂಮ್‌ನಿಂದ ಎಳೆದು ತೆಗೆಯಬೇಕು.

ಇನ್ನು ಸಂದಿನ ಅಳತೆ. ಸಾಮಾನ್ಯವಾಗಿ ಗೋಡೆಗೂ ಹಲಗೆಗೂ ನಡುವೆ ಬೆಣೆ ಇಡುತ್ತಾರೆ. ಇಲ್ಲಿ ಬೆಣೆ ಸ್ಕರ್ಟಿಂಗ್ ಹಿಂದೆ ಸಿಕ್ಕಿಕೊಂಡರೆ ಹೊರಗೆ ಬರಲ್ಲ. ಅದಕ್ಕೆ ಮೊದಲ ಸಾಲಿನ ಹಲಗೆಗಳ ಅಂಚಿನಿಂದ 8 ಮಿ.ಮೀ. ಒಳಗೆ ಪೆನ್ಸಿಲ್ ಗೆರೆ ಎಳೆದೆ. ಗೆರೆ ಸ್ಕರ್ಟಿಂಗ್ ಮುಖಕ್ಕೆ ತಾಗಿದರೆ ಹಿಂದೆ 10 ಮಿ.ಮೀ. ಉಳಿದಿದೆ ಅಂತ ಲೆಕ್ಕ. ದಾರ ಕಟ್ಟಿ ಮೊದಲ ಸಾಲನ್ನು ನೇರ ಮಾಡಿದಾಗ ಗೆರೆ ಅಲ್ಲಲ್ಲಿ ಒಂದೆರಡು ಮಿ.ಮೀ. ಆಚೀಚೆ ಆಯಿತು. ಪರವಾಗಿಲ್ಲ, ಸಾಲು ನೇರ ಇರೋದೇ ಮುಖ್ಯ. ತಟ್ಟುವಾಗ ಸಾಲು ಜರುಗದಂತೆ ಇನ್ನೂ ಬಿಚ್ಚದ ಹಲಗೆ ಪೆಟ್ಟಿಗೆಗಳನ್ನೇ ಭಾರಕ್ಕೆ ಹೇರಿದೆ.

ನಡುವಿನ ಸಾಲುಗಳಲ್ಲಿ ಹೇಳುವಂಥದ್ದೇನಿಲ್ಲ. ಅಕ್ಕಪಕ್ಕದ ಸಾಲುಗಳಲ್ಲಿ ಹಲಗೆಯ ತುದಿಗಳು ಕೂಡುವ ಕೀಲು 300 ಮಿ.ಮೀ.ಗಿಂತ ಹತ್ತಿರ ಬರದಿದ್ದರೆ ಸಾಕು. ಪ್ರತಿ ಸಾಲಿನ ತುದಿಯ ಹಲಗೆಯನ್ನು ಮೊದಲು ಸ್ಕರ್ಟಿಂಗ್ ಅಡಿಗೆ ಪೂರ್ತಿ ತಳ್ಳಿ, ಪಕ್ಕದ ಸಾಲಿಗೆ ಕೂಡಿಸಿ, ಆಮೇಲೆ ಹಿಂದಕ್ಕೆ ಎಳೆದು ತುದಿಯ ಕೀಲು ಮುಚ್ಚಬೇಕು. ಖಾಲಿ ಬಿಟ್ಟ 10 ಮಿ.ಮೀ. ಇಲ್ಲೂ ಉಪಯೋಗಕ್ಕೆ ಬರುತ್ತದೆ, ಟಂಗ್ ಅದಕ್ಕಿಂತ ಗಿಡ್ಡ ಇರುತ್ತದಲ್ಲ.

ಕೊನೆಯ ಸಾಲಿಗೂ ಇದೇ ಉಪಾಯ. ಅಗಲವನ್ನು ಎರಡು ತುದಿಗಳಲ್ಲೂ ನಡುವೆಯೂ ಅಳೆದು, ಸ್ಕರ್ಟಿಂಗ್ ಮುಖದವರೆಗಿನ ಅಳತೆಗೆ 8 ಮಿ.ಮೀ. ಸೇರಿಸಿ ಸೀಳಿದೆ. ಸೀಳಿದ ಅಂಚು ತರಿತರಿಯಾದರೂ ಚಿಂತೆಯಿಲ್ಲ, ಅದು ಒಳಗೇ ಹೋಗುತ್ತದೆ. ತೊಂದರೆ ಇರೋದು ಹಿಂದಕ್ಕೆ ಎಳೆಯುವಾಗ. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆಯುವ ಪುಲ್ ಬಾರ್‌ನ ಕೊಕ್ಕೆ ಸ್ಕರ್ಟಿಂಗ್ ಹಿಂದೆ ಹೋಗಲ್ಲ. ಡಬಲ್ ಸೈಡ್ ಟೇಪಿನಿಂದ ಹಲಗೆಯ ಮೇಲೆ ಒಂದು ಮರದ ತುಂಡು ಅಂಟಿಸಿ, ಅದಕ್ಕೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಹಲಗೆ ನಮ್ಮ ಕಡೆಗೆ ಜಾರಿ ಬಂದು ಕೂಡಿಕೊಳ್ಳುತ್ತದೆ. ಹೊರಗೆ ಬಂದ ಗಮ್ಮನ್ನು ಒಣಗುವ ಮೊದಲೇ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ.

ಬೀರು ನಿಲ್ಲುವ ಗೋಡೆಯಲ್ಲಿ ಮಾತ್ರ ಸ್ಕರ್ಟಿಂಗ್ ತೀರಾ ತೆಳು, ಅದರಡಿ 10 ಮಿ.ಮೀ. ಸಂದು ಮುಚ್ಚುತ್ತಿರಲಿಲ್ಲ. ಅಲ್ಲಿ ಇಷ್ಟವಿಲ್ಲದಿದ್ದರೂ ಬೀಡಿಂಗ್ ಹಾಕಿದೆ. ಅದರ ಮೊಳೆ ಸ್ಕರ್ಟಿಂಗ್‌ಗೆ ಹೋಗಬೇಕು, ನೆಲಕ್ಕಲ್ಲ. ನೆಲಕ್ಕೆ ಹೊಡೆದರೆ ಸಂದು ಬಿಟ್ಟಿದ್ದೇ ದಂಡ. ಹೊಡೆಯುವಾಗ ಬೀಡಿಂಗ್ ಅಡಿ ಒಂದು ಕಾಗದ ಇಟ್ಟಿದ್ದೆ. ಮೊಳೆ ಹೊಡೆದಾದ ಮೇಲೆ ಎಳೆದರೆ ಕಾಗದ ಸಲೀಸಾಗಿ ಬಂತು. ಬೀಡಿಂಗ್‌ಗೂ ಸ್ಕರ್ಟಿಂಗ್‌ಗೂ ನಡುವಿನ ಗೆರೆಗೆ ಫಿಲ್ಲರ್ ತುಂಬಿ ಬಣ್ಣ ಹಚ್ಚಿದೆ, ಕೆಳಗಿನ ಗೆರೆಗೆ ಏನೂ ತುಂಬಲಿಲ್ಲ.