ಜ್ಯೂರಿಯ ಕಿವಿಗೆ ಬೀಳುವ ಮೊದಲೇ ತಡೆಯಿರಿ: ಅಮೆರಿಕದ ಸಿವಿಲ್ ಕೇಸಿನಲ್ಲಿರುವ ಕನ್ನಡಿಗರಿಗೆ

ಬೇ ಏರಿಯಾದಲ್ಲೋ ಸಿಯಾಟಲ್‌ನಲ್ಲೋ ಕಾರು ಅಪಘಾತದ ಕೇಸು ಟ್ರಯಲ್‌ವರೆಗೆ ಹೋದರೆ, ನಮ್ಮವರ ಮನಸ್ಸಿಗೆ ಬರುವುದು ಊರಿನ ಕೋರ್ಟೇ. ಅಲ್ಲಿ ಸಾಕ್ಷ್ಯ ಕೇಳುವವರೂ ತೀರ್ಪು ಬರೆಯುವವರೂ ಒಬ್ಬರೇ ನ್ಯಾಯಾಧೀಶರು. ದಾಖಲೆಗೆ ಎದುರು ವಕೀಲರು ತಕರಾರು ಎತ್ತಿದರೆ ಆಕ್ಷೇಪಣೆಗೆ ಒಳಪಟ್ಟು ಗುರುತು ಮಾಡಿ ಮುಂದೆ ಹೋಗುವುದುಂಟು. ಇಲ್ಲಿ ಹಾಗೆ ನಡೆಯದು. ಎದುರಿಗೆ ಕೂತು ತೀರ್ಪು ಹೇಳುವ ಜ್ಯೂರಿಯವರು ಸಮನ್ಸ್ ಬಂತೆಂದು ಕೆಲಸ ಬಿಟ್ಟು ಬಂದ ಜನಸಾಮಾನ್ಯರು. ಒಮ್ಮೆ ಕೇಳಿಸಿಕೊಂಡದ್ದನ್ನು 'ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ' ಎಂದು ಜಡ್ಜ್ ಹೇಳಿದ ಮಾತ್ರಕ್ಕೆ ಅದು ಅವರ ತಲೆಯಿಂದ ಹೋಗುವುದಿಲ್ಲ.

ಅದಕ್ಕಾಗಿಯೇ 'ಮೋಷನ್ ಇನ್ ಲಿಮಿನಿ' ಎಂಬ ಅರ್ಜಿ ಇದೆ. ಇಂಥ ವಿಷಯವನ್ನು ಜ್ಯೂರಿಯ ಮುಂದೆ ಎತ್ತಲೇಬಾರದು ಎಂದು ಟ್ರಯಲ್‌ಗೆ ಮೊದಲೇ ಕೇಳಿಕೊಳ್ಳುವುದು. 'ಇದರಿಂದ ನನಗೆ ನಷ್ಟ' ಎಂದರೆ ಸಾಲದು; ಎದುರಾಳಿ ತರುವ ಸಾಕ್ಷ್ಯವೆಲ್ಲ ನಷ್ಟ ಮಾಡುವುದಕ್ಕೇ ಇರುವುದು. ಇದಕ್ಕೆ ಆಧಾರ ಫೆಡರಲ್ ಕೋರ್ಟಿನಲ್ಲಿ ಸಾಕ್ಷ್ಯ ನಿಯಮಗಳ 403ನೇ ನಿಯಮ, ಕ್ಯಾಲಿಫೋರ್ನಿಯಾದಲ್ಲಿ ಎವಿಡೆನ್ಸ್ ಕೋಡಿನ 352ನೇ ಸೆಕ್ಷನ್. ಎರಡರಲ್ಲೂ ತೋರಿಸಬೇಕಾದದ್ದು, ಆ ಸಾಕ್ಷ್ಯ ಸಾಬೀತು ಮಾಡುವುದಕ್ಕಿಂತ ಹುಟ್ಟಿಸುವ ಪೂರ್ವಗ್ರಹವೇ ಬಹಳ ಹೆಚ್ಚು ಎಂದು.

ವಲಸಿಗರಾದ ನಮಗೆ ಇದು ಎಷ್ಟು ಮುಖ್ಯ ಎನ್ನುವುದಕ್ಕೆ ವಾಷಿಂಗ್ಟನ್ ರಾಜ್ಯದ ಸಾಲಾಸ್ ವಿರುದ್ಧ ಹೈಟೆಕ್ ಇರೆಕ್ಟರ್ಸ್ ಪ್ರಕರಣ ನೋಡಿ. ಕಟ್ಟಡ ಕೆಲಸದಲ್ಲಿ ಏಣಿಯಿಂದ ಬಿದ್ದ ಕಾರ್ಮಿಕ ಪರಿಹಾರ ಕೇಳಿದ. ಮುಂದೆ ದುಡಿಯಬಹುದಾಗಿದ್ದ ಹಣದ ಲೆಕ್ಕ ಬಂದಾಗ, ಅವನ ವೀಸಾ ಅವಧಿ ಮುಗಿದಿರುವ ವಿಷಯವನ್ನು ಜ್ಯೂರಿಗೆ ಹೇಳಲು ಕೋರ್ಟು ಬಿಟ್ಟಿತು. ಕಂಪನಿಯದು ನಿರ್ಲಕ್ಷ್ಯ ಹೌದು, ಆದರೆ ಗಾಯಕ್ಕೆ ಅದು ಕಾರಣವಲ್ಲ ಎಂದು ಜ್ಯೂರಿ ಹೇಳಿತು. ವೀಸಾ ವಿಷಯ ತಂದದ್ದೇ ತಪ್ಪು ಎಂದು 2010ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಮರುವಿಚಾರಣೆಗೆ ಆದೇಶಿಸಿತು. ಈಗ ಆ ರಾಜ್ಯದಲ್ಲಿ ಇದಕ್ಕೆಂದೇ ನಿಯಮವಿದೆ. ಕ್ಯಾಲಿಫೋರ್ನಿಯಾದಲ್ಲೂ ಗಾಯ ಅಥವಾ ಸಾವಿನ ಪರಿಹಾರದ ಕೇಸುಗಳಲ್ಲಿ ವಲಸೆ ಸ್ಥಿತಿಯನ್ನು ಸಾಕ್ಷ್ಯವಾಗಿ ತರುವಂತಿಲ್ಲ. ಎಚ್-1ಬಿ ವೀಸಾ ಇರಲಿ, ವಲಸೆಯ ಅರ್ಜಿ ಬಾಕಿ ಇರಲಿ, ಮೋಷನ್ ಇನ್ ಲಿಮಿನಿ ಹಾಕುತ್ತೀರಾ ಎಂದು ನಿಮ್ಮ ವಕೀಲರನ್ನು ಕೇಳಿ.

ಇನ್ನೊಂದು ನಮ್ಮ ಅಭ್ಯಾಸದ ಮಾತು. ಡಿಕ್ಕಿಯಾದ ತಕ್ಷಣ ಇಳಿದು ಹೋಗಿ 'ಸಾರಿ, ಪೆಟ್ಟಾಯ್ತಾ? ಆಸ್ಪತ್ರೆ ಖರ್ಚು ನಾನು ಕೊಡ್ತೀನಿ, ತಪ್ಪು ನಂದೇ' ಅಂದುಬಿಡುತ್ತೇವೆ. ಕ್ಯಾಲಿಫೋರ್ನಿಯಾದಲ್ಲಿ ಅನುಕಂಪದ ಮಾತನ್ನೂ, ಮಾನವೀಯತೆಯಿಂದ ಹಣ ಕೊಡಲು ಮುಂದಾದದ್ದನ್ನೂ ತಪ್ಪೊಪ್ಪಿಗೆಯಾಗಿ ಬಳಸುವಂತಿಲ್ಲ. ಆದರೆ 'ತಪ್ಪು ನಂದೇ' ಎನ್ನುವುದಕ್ಕೆ ಅನುಕಂಪದ ಮಾತಿಗಿರುವ ರಕ್ಷಣೆ ಇಲ್ಲ. ನೀವು ಅಂದದ್ದೇನು ಎನ್ನುವುದನ್ನು ಪದಪದವಾಗಿ ವಕೀಲರಿಗೆ ಹೇಳಿದರೆ ಮಾತ್ರ ಯಾವ ತುಂಡನ್ನು ಹೊರಗಿಡಿಸಬಹುದೆಂದು ಅವರು ನೋಡಿಯಾರು.

ಮುಜುಗರದ ವಿಷಯವನ್ನು ವಕೀಲರಿಂದ ಮುಚ್ಚಿಡುವುದು ದೊಡ್ಡ ಅಪಾಯ. ಗೊತ್ತಿಲ್ಲದ್ದಕ್ಕೆ ಅವರು ಅರ್ಜಿ ಹಾಕಲಾರರು. ಹಾಗೆಂದು ವಾಟ್ಸಾಪ್ ಸಂದೇಶ ಅಳಿಸಲು ಹೋಗಬೇಡಿ, ಅದಕ್ಕೆ ಬೇರೆಯೇ ಶಿಕ್ಷೆ ಕಾದಿರುತ್ತದೆ. ಜ್ಯೂರಿಗೆ ತೋರಿಸಬಾರದ ಕಾಗದವನ್ನೂ ಎದುರಾಳಿಗೆ ಕೊಡಬೇಕಾದೀತು. ಅದು ಟ್ರಯಲ್‌ಗೆ ಮೊದಲು ಎರಡೂ ಕಡೆಯವರು ದಾಖಲೆ ಹಂಚಿಕೊಳ್ಳುವ ಬೇರೆ ಹಂತ.

ಜಡ್ಜ್ ಖಚಿತ ಆದೇಶ ಕೊಡದೆ 'ಟ್ರಯಲ್‌ನಲ್ಲಿ ನೋಡೋಣ' ಎಂದರೆ, ಆ ವಿಷಯ ಬಂದ ಗಳಿಗೆಯಲ್ಲೇ ವಕೀಲರು ಮತ್ತೆ ಆಕ್ಷೇಪಿಸಬೇಕು. ಸುಮ್ಮನಿದ್ದರೆ ಮೇಲ್ಮನವಿಯಲ್ಲಿ ಹಿಡಿತ ಉಳಿಯುವುದಿಲ್ಲ.

ಆದೇಶ ಎರಡೂ ಕಡೆಯವರನ್ನು ಕಟ್ಟಿಹಾಕುತ್ತದೆ. ಸಾಕ್ಷಿ ಹೇಳಲು ಬರುವ ಹೆಂಡತಿ, ಭಾವಮೈದುನ, ರೂಮ್‌ಮೇಟ್ ಎಲ್ಲರಿಗೂ ಏನು ಹೇಳಬಾರದೆಂದು ವಕೀಲರೇ ಮೊದಲು ಕೂರಿಸಿಕೊಂಡು ತಿಳಿಸಲಿ. ಎದುರಿನವರ ಇನ್ಶೂರೆನ್ಸ್ ವಿಷಯ ಬೇಡ ಎಂಬ ಆದೇಶವಿದ್ದಾಗ ಯಾರಾದರೂ 'ಅವರಿಗೇನು, ಇನ್ಶೂರೆನ್ಸ್ ಕಟ್ಟುತ್ತೆ' ಅಂದುಬಿಟ್ಟರೆ, ಜ್ಯೂರಿಯನ್ನು ಮನೆಗೆ ಕಳಿಸಿ ಇಡೀ ಟ್ರಯಲ್ಲನ್ನು ಹೊಸದಾಗಿ ನಡೆಸಬೇಕಾಗಬಹುದು.